ಸೊನ್ನೆ ನೋವಿಗೆ ಹಾರಿದ ಬಲೂನು

ನಮ್ಮವರು ಫೋನಿನಲ್ಲಿ ನೋವಿನ ಪ್ರಶ್ನೆಗೆ ಸೊನ್ನೆ ಒತ್ತಿದರು. ಪರದೆಯ ತುಂಬ ಬಣ್ಣಬಣ್ಣದ ಬಲೂನು ಹಾರಿದವು.

ಅದೇ ಹೊತ್ತಿಗೆ ನಾನು ನೆಲದ ಮೇಲೆ ಕೂತು ಅವರ ಶೂ ಲೇಸು ಕಟ್ಟುತ್ತಿದ್ದೆ. ಸೊಂಟ ಬಗ್ಗಿಸಲು ಅವರಿಂದ ಆಗುವುದಿಲ್ಲ.

ತಮ್ಮನ ಮಗಳು ಪೂರ್ಣಿಮಾ ಬಹ್ರೇನಿನ ಸನದ್ ಎಂಬಲ್ಲಿರುವ ನಮ್ಮ ಫ್ಲಾಟಿನಲ್ಲೇ ಇದ್ದಾಳೆ ಎಂದು ನಿಮಗೆಲ್ಲ ಗೊತ್ತು. ಮನೆಯಿಂದಲೇ ಹೊರದೇಶದ ಒಂದು ಕಂಪನಿಗೆ ಡಿಸೈನ್ ಕೆಲಸ. ಯಾವುದರ ಡಿಸೈನು ಎಂದು ಕೇಳಿದರೆ ಅವಳು ಮೊದಲು ಎದ್ದು ಕಿಟಕಿ ಮುಚ್ಚುತ್ತಾಳೆ.

ಆ ದೇಶದಲ್ಲಿ ಬಿಡದೆ ಕಾಡುವ ನೋವಿಗೆ ಡಾಕ್ಟರುಗಳೇ ಗಾಂಜಾ ಬರೆದುಕೊಡುತ್ತಾರಂತೆ. ಆ ರೋಗಿಗಳಿಗೂ ಡಾಕ್ಟರುಗಳಿಗೂ ನಡುವೆ ಒಂದು ಆ್ಯಪ್. ರೋಗಿ ದಿನಾ ನೋವು ಎಷ್ಟೆಂದು ಒತ್ತಬೇಕು, ಡಾಕ್ಟರು ಆ ಕಡೆ ಕೂತು ಗ್ರಾಫ್ ನೋಡಿ ಔಷಧಿ ಏರಿಸಬೇಕು, ಇಳಿಸಬೇಕು.

ಬಹ್ರೇನಿನಲ್ಲಿ ಆ ಹೆಸರು ಎತ್ತಲಿಕ್ಕೇ ಹೆದರಿಕೆ. ಹಾಗಾಗಿ ನಮ್ಮ ಮನೆಯಲ್ಲಿ ಅದು ಬರೀ ‘ಸೊಪ್ಪು’. ಒಮ್ಮೆ ನೆರೆಯವರು ಚಹಾಕ್ಕೆ ಬಂದಾಗ ಅವಳ ಲ್ಯಾಪ್‌ಟಾಪಿನಲ್ಲಿ ಅಂಗೈಯಗಲದ ಹಸಿರು ಎಲೆ ಹೊಳೆಯುತ್ತಿತ್ತು... ಓಡಿ ಹೋಗಿ ಟವೆಲ್ ಹೊದೆಸಿದೆ.

ಆ ಆ್ಯಪಿನಲ್ಲಿ ಸೊಪ್ಪಿನ ತಳಿಗಳದ್ದೇ ಒಂದು ಪುಟ ಉಂಟು. ನಿಂಬೆ ಪರಿಮಳದ್ದು, ಮಾವಿನ ಪರಿಮಳದ್ದು, ಯಾವುದೋ ನೀಲಿ ಹಣ್ಣಿನದ್ದು. ನರಳುವವರಿಗೆ ಔಷಧಿ ಕೊಡುತ್ತಿದ್ದಾರೋ ಐಸ್‌ಕ್ರೀಮ್ ಪಾರ್ಲರ್ ಇಟ್ಟಿದ್ದಾರೋ, ನನಗಂತೂ ತಿಳಿಯಲಿಲ್ಲ.

ಬಳಸಲು ಸುಲಭವೋ ಎಂದು ನೋಡಲು ಪೂರ್ಣಿಮಾಳಿಗೆ ಹಳೆಯ ನೋವಿರುವ ಹಿರಿಯರು ಬೇಕಾಗಿತ್ತು. ಬರೀ ಸ್ಕ್ರೀನ್ ಒತ್ತುವುದು, ಸೊಪ್ಪೂ ಇಲ್ಲ ಗಿಪ್ಪೂ ಇಲ್ಲ. ನಮ್ಮವರು ಸಿಕ್ಕಿದರು. ದೂರದ ಅಸ್ಕರ್ ಎಂಬ ಊರಿನ ವರ್ಕ್‌ಶಾಪಿನಲ್ಲಿ ಕಬ್ಬಿಣ ಎತ್ತಿ ಎತ್ತಿ ಸೊಂಟದ ನರ ಹಿಡಿದುಕೊಂಡ ಮನುಷ್ಯ. ಪಕ್ಕದ ಫ್ಲಾಟಿನ ಡ್ರೈವರ್ ಹಮೀದಾಕನೂ ಸಿಕ್ಕಿದರು. ಅವರಿಗೆ ಎರಡೂ ಮಂಡಿ ಹೋಗಿವೆ.

ಇಬ್ಬರೂ ದಿನಾ ಸೊನ್ನೆ. ದಿನಾ ಬಲೂನು. ಡಾಕ್ಟರ ಕಡೆಯ ಪರದೆಯಲ್ಲಿ ಇಬ್ಬರ ಗ್ರಾಫೂ ಹಸಿರು, ಕೆಳಗೆ ‘ಔಷಧಿ ನಿಲ್ಲಿಸಬಹುದು’ ಎಂಬ ಬಟನ್.

“ಮಾವ, ನಿನ್ನೆ ಸೋಫಾದಿಂದ ಏಳ್ಲಿಕ್ಕೆ ಅತ್ತೆ ಕೈ ಕೊಡ್ಬೇಕಾಯ್ತಲ್ಲ. ಸೊನ್ನೆ ಹೇಗೆ ಒತ್ತಿದ್ರಿ?” ಪೂರ್ಣಿಮಾ ಕೇಳಿದಳು.

“ಮತ್ತೆಂತ ಒತ್ತುದು ಮಾರಾಯ್ತಿ? ಫೋನಿಗೆ ಹೋದದ್ದು ಕಂಪನಿಗೆ ಹೋಗುದಿಲ್ಲ ಅಂತ ಎಂತ ಗ್ಯಾರಂಟಿ?”

ಅಲ್ಲಿಗೆ ವಿಷಯ ಹೊರಗೆ ಬಿತ್ತು.

ಗಲ್ಫಿನಲ್ಲಿ ದುಡಿಯುವವರ ಕಿವಿಗೆ ಡಾಕ್ಟರ ಪ್ರಶ್ನೆಯೆಲ್ಲ ಒಂದೇ ಪ್ರಶ್ನೆ: ನೀನು ಫಿಟ್ಟೋ ಅಲ್ಲವೋ? ಊರು ಬಿಡುವ ಮೊದಲು ಮೆಡಿಕಲ್, ಇಲ್ಲಿ ಇಳಿದ ಮೇಲೆ ಮೆಡಿಕಲ್. ಕೆಮ್ಮು ಬಂದರೆ ನುಂಗಿಕೊಂಡು, ಹೊಟ್ಟೆ ಒಳಗೆಳೆದುಕೊಂಡು ‘ಆಲ್ ಗುಡ್ ಡಾಕ್ಟರ್’ ಎನ್ನಬೇಕು. ಇಲ್ಲವಾದರೆ ಸೀದಾ ಊರಿನ ಟಿಕೆಟು. ಅಂಥವರ ಕೈಗೆ ಫೋನು ಕೊಟ್ಟು ‘ಹಲೋ ಗೆಳೆಯಾ, ಇಂದಿನ ನಿನ್ನ ಪಯಣ ಹೇಗಿದೆ?’ ಎಂದು ಕೇಳುತ್ತದೆ ಈ ಆ್ಯಪು.

ನನಗೆ ಹೆದರಿಕೆಯಾದದ್ದು ಬೇರೆ ಕಾರಣಕ್ಕೆ. ಹಿಂದಿನ ಸಲ ಮನಾಮಾದ ಆಸ್ಪತ್ರೆಯಲ್ಲಿ ಇವರು ‘ಫಸ್ಟ್ ಕ್ಲಾಸ್’ ಎಂದದ್ದಕ್ಕೇ ಡಾಕ್ಟರು ನರದ ಮಾತ್ರೆ ಅರ್ಧ ಮಾಡಿದ್ದರು. ಅಂದಿನಿಂದ ಮಲಗಲೂ ಆಗದೆ ಒದ್ದಾಡುತ್ತಾರೆ. ಮುಂದಿನ ವಾರ ಮತ್ತೆ ಹೋಗಬೇಕು. ಮತ್ತೆ ಅದೇ ಮಾತು ಬಂದರೆ ಇದ್ದ ಅರ್ಧವೂ ಹೋಗುತ್ತದೆ.

ಪೂರ್ಣಿಮಾ ಬಲೂನು ತೆಗೆದುಹಾಕಿ ಎಂದು ತನ್ನ ಬಾಸಿಗೆ ಬರೆದಳು. ಬಲೂನೆಂದರೆ ಜನರಿಗೆ ಬಹಳ ಇಷ್ಟ, ಬೇಕಾದರೆ ನೋವಿದ್ದವರಿಗೆ ಒಂದು ಅಳುವ ಬಲೂನು ಸೇರಿಸೋಣ ಎಂದು ಉತ್ತರ ಬಂತು. ಎಂಥ ತಲೆ ನೋಡಿ.

ಅವಳು ಬಾಸನ್ನು ಬಿಟ್ಟು ಪ್ರಶ್ನೆಯನ್ನೇ ಬದಲಾಯಿಸಿದಳು. ನೋವಿನ ಹೆಸರೇ ಇಲ್ಲ. ಮರುದಿನ ಸಂಜೆ ಕಾಫಿ ಕುಡಿಯುತ್ತಾ ಕೇಳಿದಳು, “ಮಾವ, ಇವತ್ತು ಕಂಪನಿ ಬಸ್ಸಲ್ಲಿ ಯಾವ ಸೀಟು ಸಿಕ್ತು?”

“ಸೀಟು ಎಂತಕ್ಕೆ? ನಾನು ನಿಂತೇ ಹೋಗುದು.”

“ಅಸ್ಕರಿನವರೆಗೂ?”

“ಹ್ಞಾಂ. ಬಾಗಿಲ ಹತ್ರ ಕಂಬ ಹಿಡ್ಕೊಂಡ್ರೆ ಗಾಳಿ ಒಳ್ಳೆ ಬರ್ತದೆ.”

ಎಸಿ ಬಸ್ಸಿನಲ್ಲಿ ಗಾಳಿಯಂತೆ. ಕೂತರೆ ಕಾಲಿಗೆ ಕೊಳ್ಳಿ ಇಟ್ಟ ಹಾಗಾಗುತ್ತದೆ ಎಂದು ಮೆಲ್ಲಗೆ ಬಿಡಿಸಿ ಕೇಳಿದಾಗ ಬಾಯಿಬಿಟ್ಟರು. ಇಷ್ಟು ವರ್ಷ ಒಟ್ಟಿಗಿದ್ದ ನನಗೂ ಗೊತ್ತಿರಲಿಲ್ಲ.

ಆಸ್ಪತ್ರೆಗೆ ಈ ಸಲ ನಾನೂ ಹೋದೆ. ಹೈದರಾಬಾದಿನ ಡಾಕ್ಟರಮ್ಮ, ಒಳ್ಳೆಯ ಹೆಂಗಸು. “ಕೈಸೇ ಹೈ ಅಂಕಲ್?” ಎಂದರು. ಇವರು ಎದೆಯುಬ್ಬಿಸಿ, “ಬಹುತ್ ಅಚ್ಛಾ ಡಾಕ್ಟರ್, ಏಕ್‌ದಮ್ ಫಿಟ್.”

ಡಾಕ್ಟರಮ್ಮ ಸಂತೋಷದಿಂದ ಕೀಬೋರ್ಡಿನ ಕಡೆ ಕೈ ಚಾಚಿದರು. ಆ ಮಾತ್ರೆ ಇನ್ನು ಬೇಡ ಅಲ್ಲವೇ ಎಂದರು.

ನನ್ನ ಹಿಂದಿ ನಿಮಗೆ ಗೊತ್ತಲ್ಲ, ಲಿಂಗವೂ ಇಲ್ಲ ಕಾಲವೂ ಇಲ್ಲ. ಆದರೂ ನಡುವೆ ಬಾಯಿ ಹಾಕಿದೆ. “ಡಾಕ್ಟರ್, ಏ ಬಸ್ ಮೇ ಬೈಠ್ತಾ ನಹೀ. ಪೂರಾ ರಾಸ್ತಾ ಖಡಾ ಜಾತಾ.” ಬಸ್ಸಿನಲ್ಲಿ ಕೂರುವುದೇ ಇಲ್ಲ, ಇಡೀ ದಾರಿ ನಿಂತೇ ಹೋಗುತ್ತಾರೆ ಎಂದು ಹೇಳಿದ್ದು.

ಇವರು ನನ್ನನ್ನು ನೋಡಿದ ನೋಟ ಇದೆಯಲ್ಲ... ಅದನ್ನು ಬರೆಯುವುದಿಲ್ಲ.

ಡಾಕ್ಟರಮ್ಮ ಕೀಬೋರ್ಡಿನಿಂದ ಕೈ ತೆಗೆದರು. ಕುರ್ಚಿ ತಿರುಗಿಸಿ ಇವರ ಮುಖವನ್ನೇ ನೋಡುತ್ತಾ ಕೂತರು. ಇವರು ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ನೋಡಿಕೊಂಡು, ಇಲ್ಲಿ ಹೇಳಿದ್ದು ಕಂಪನಿಗೆ ತಿಳಿಯುತ್ತದೆಯೇ ಎಂದು ಕೇಳಿದರು. ಇಲ್ಲ, ನೀವು ಒಪ್ಪದೆ ಯಾರಿಗೂ ಕೊಡುವುದಿಲ್ಲ ಎಂದರು ಡಾಕ್ಟರಮ್ಮ.

ಮತ್ತೆ ಕೇಳಿದರು: ಹತ್ತರಲ್ಲಿ ನೋವು ಎಷ್ಟು ಅಂಕಲ್?

“ಎಂಟು,” ಎಂದರು ನಮ್ಮವರು. ಕನ್ನಡದಲ್ಲೇ, ತಲೆ ತಗ್ಗಿಸಿ, ಕದ್ದ ಮಾಲು ಒಪ್ಪಿಸುವ ಹಾಗೆ. ಡಾಕ್ಟರಮ್ಮನಿಗೆ ನಾನು ಎರಡು ಬೆರಳು ಮಡಚಿ ಉಳಿದ ಎಂಟನ್ನು ತೋರಿಸಿದೆ.

ಮಾತ್ರೆ ಮೊದಲಿನಷ್ಟಾಯಿತು. ಇವರು ನನ್ನೊಂದಿಗೆ ಸರಿಯಾಗಿ ಮಾತನಾಡುವುದು ಇನ್ನೂ ಬಾಕಿ ಉಂಟು.

ನಿಮ್ಮ ನಿಮ್ಮ ಮನೆಯ ‘ಏಕ್‌ದಮ್ ಫಿಟ್’ ಗಂಡಸರು ಬಸ್ಸಿನಲ್ಲಿ ಕೂತು ಹೋಗುತ್ತಾರೋ ನಿಂತು ಹೋಗುತ್ತಾರೋ, ಯಾರಾದರೂ ಕೇಳಿದ್ದೀರಾ?