ಎಡಗೈಯವರ ಕತ್ತರಿ

ಎಡಚಕ್ಕ ಮೊದಲ ಸಲ ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ, ಗಾರ್ಮೆಂಟ್ಸ್ ಕಾರ್ಖಾನೆಯ ಊಟದ ಬಿಡುವಿನಲ್ಲಿ. ಸಾಣೆಯಣ್ಣನಿಗೆ ಆ ಹೊತ್ತು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬೀದಿಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಅವಳ ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ತೆಗೆದಿಟ್ಟು ಬರುವುದನ್ನು ಮರೆತಿದ್ದಳು. ತೋಳಿನ ತುಂಬ ನೀಲಿ ನೂಲಿನ ಎಳೆಗಳು. ಹಳೆಯ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕತ್ತರಿಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು.

"ಇದನ್ನ ಮಸೆದು ಕೊಡಿ ಅಣ್ಣಾ. ಹೋದ ವಾರ ಬೇರೆ ಕಡೆ ಮಸೆಸಿದ್ದೆ. ಮತ್ತೆ ಅದೇ ಕತೆ. ಬಟ್ಟೆ ಕತ್ತರಿಸು ಅಂದ್ರೆ ಅಗೀತಾ ಕೂತಿರುತ್ತೆ."

ಸಾಣೆಯಣ್ಣ ಒಂದು ಚಿಂದಿ ತೆಗೆದುಕೊಂಡು ಕತ್ತರಿಸಿ ನೋಡಿದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೋಯಿತು.

"ಇದಕ್ಕೇನಾಗಿದೆ ತಾಯಿ? ಹತ್ರ ಹಿಡಿದ್ರೆ ನನ್ನ ಮೂಗೂ ಉಳಿಯಲ್ಲ."

"ನಿಮ್ಮ ಕೈಗೆ ಕತ್ತರಿಸುತ್ತೆ ಬಿಡಿ. ನನ್ನ ಕೈ ಕಂಡ್ರೆ ಅದಕ್ಕಾಗಲ್ಲ," ಎಂದು ಅವಳು ಕತ್ತರಿ ಕಿತ್ತುಕೊಂಡಳು. ಕಿತ್ತುಕೊಂಡದ್ದು ಎಡಗೈಯಲ್ಲಿ. ಬಟ್ಟೆ ಎರಡು ಅಲಗುಗಳ ನಡುವೆ ಮಡಚಿ ಸಿಕ್ಕಿಕೊಂಡಿತು. ಹೆಬ್ಬೆರಳಿನ ಬುಡದಲ್ಲಿ ಜಡ್ಡುಗಟ್ಟಿದ ಚರ್ಮ ಬಿರಿದಿತ್ತು.

"ಎಡಗೈಯವರಾ ನೀವು?"

"ಹೂಂ, ಎಡಚಿ. ಬೈಯೋದಿದ್ರೆ ಬೈದುಬಿಡಿ. ಚಿಕ್ಕಂದಿನಿಂದ ಕೇಳಿ ಕೇಳಿ ಕಿವಿ ದಪ್ಪ ಆಗಿದೆ."

ಅವನು ಬೈಯಲಿಲ್ಲ. ಒಂದು ರಟ್ಟು ತಂದು ಅವಳ ಅಂಗೈಯನ್ನು ಅದರ ಮೇಲೆ ಇಡಿಸಿ, ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದ. ಒಂದು ವಾರ ಬಿಟ್ಟು ಬರಲು ಹೇಳಿದ. ಅವಳು ಅನುಮಾನದಿಂದ ಹಿಂದೆ ತಿರುಗಿ ತಿರುಗಿ ನೋಡುತ್ತ ಹೋದಳು.

ಅಷ್ಟು ವರ್ಷ ಸಾಣೆ ಹಿಡಿಯುವುದೇ ಅವನ ಬದುಕಾಗಿತ್ತು. ಮಾಂಸದಂಗಡಿಯ ಚೂರಿ, ಕ್ಷೌರದವರ ಕತ್ತರಿ, ಮನೆಗಳ ಚಾಕು, ಏನು ಬಂದರೂ ಕಲ್ಲಿಗೆ ಕೊಟ್ಟು ಕಿಡಿ ಹಾರಿಸಿ ಹಿಂತಿರುಗಿಸುವುದು. ಮದುವೆಯಾದ ಮೂರನೆಯ ವರ್ಷಕ್ಕೇ ಹೆಂಡತಿ ತೀರಿಕೊಂಡಿದ್ದಳು. ಮತ್ತೆ ಮದುವೆ ಮಾಡಿಕೋ ಎಂದು ಹೇಳಿ ಹೇಳಿ ಸುಸ್ತಾದ ಅಕ್ಕ ಕೊನೆಗೆ ಹೇಳುವುದನ್ನೇ ಬಿಟ್ಟಳು. ಅಂಗಡಿಯ ಹಿಂದೆ ಒಂದೇ ಕೋಣೆ. ಅಲ್ಲಿ ಒಬ್ಬನಿಗಾಗುವಷ್ಟು ಅಡುಗೆ ಮಾಡಿ, ತಟ್ಟೆ ಹಿಡಿದು ಮುಂಬಾಗಿಲಿಗೆ ಬಂದು ಕೂರುತ್ತಿದ್ದ. ತಿನ್ನುವಾಗ ಎದುರಿಗೆ ಯಾರಾದರೂ ಓಡಾಡುತ್ತಿದ್ದರೆ ತುತ್ತು ಇಳಿಯುತ್ತಿತ್ತು.

ಗುಜರಿಯಿಂದ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ತಂದು, ಕಾಯಿಸಿ, ಬಡಿದು ಅವನು ಕತ್ತರಿ ಮಾಡಿದ. ಹಿಡಿಯನ್ನಷ್ಟೇ ತಿರುಗಿಸಿದರೆ ಸಾಲದು, ಅಲಗುಗಳೂ ಅದಲುಬದಲಾಗಬೇಕು ಎಂಬುದು ಎರಡು ಜೊತೆ ಹಾಳು ಮಾಡಿದ ಮೇಲೆ ಹೊಳೆಯಿತು. ಮಾಮೂಲಿ ಕತ್ತರಿಯಲ್ಲಿ ಬಲಗಡೆಯ ಅಲಗು ಮೇಲಿರುತ್ತದೆ. ಎಡಗೈಯಲ್ಲಿ ಹಿಡಿದರೆ ಅದು ಕತ್ತರಿಸಬೇಕಾದ ಗೆರೆಯನ್ನೇ ಮುಚ್ಚಿಬಿಡುತ್ತದೆ. ಜೊತೆಗೆ ಹೆಬ್ಬೆರಳು ಅಲಗುಗಳನ್ನು ಒಂದಕ್ಕೊಂದು ಒತ್ತುವ ಬದಲು ದೂರ ತಳ್ಳುತ್ತದೆ.

ವಾರ ಕಳೆದು ಬಂದ ಅವಳು ಹೊಸ ಕತ್ತರಿ ಹಿಡಿದು ಬಟ್ಟೆಯ ಮೇಲೆ ಎಳೆದ ಗೆರೆಯುದ್ದಕ್ಕೂ ನಡೆಸಿದಳು. ನಡುವೆ ನಿಂತಳು.

"ಗೆರೆ ಕಾಣ್ತಾ ಇದೆ ಅಣ್ಣಾ," ಎಂದಳು. "ಇಷ್ಟು ವರ್ಷ ಅಂದಾಜಿನ ಮೇಲೆ ಕತ್ತರಿಸ್ತಾ ಇದ್ದೆ." ನಕ್ಕಳು. ಆಮೇಲೆ ತಲೆ ಬಗ್ಗಿಸಿ, ಅಗತ್ಯವಿಲ್ಲದಿದ್ದರೂ ಆ ಚಿಂದಿಯನ್ನು ಕೊನೆತನಕ ಕತ್ತರಿಸಿದಳು.

ಅವಳಿಂದಾಗಿ ಕಾರ್ಖಾನೆಯ ಇನ್ನೂ ಕೆಲವು ಎಡಗೈಯವರು ಬಂದರು. ಅಲ್ಲಿಂದ ಒಂದು ಪದ್ಧತಿ ಬೆಳೆಯಿತು. ಸಾಣೆಯಣ್ಣನದು ಬಲಗೈ. ತಾನು ಮಾಡಿದ ಕತ್ತರಿ ಹೇಗಿದೆಯೆಂದು ಅವನಿಗೇ ತಿಳಿಯುತ್ತಿರಲಿಲ್ಲ, ಉಪ್ಪು ನೋಡಲಾಗದ ಅಡುಗೆಯವನ ಪಾಡು. ಹಾಗಾಗಿ ಅವಳು ಕೆಲಸ ಮುಗಿಸಿ ಸಂಜೆ ಬಂದು, ಮರದ ಡಬ್ಬದ ಮೇಲೆ ಕೂತು, ಹೊಸ ಕತ್ತರಿಗಳಿಂದ ಒಂದೊಂದು ಪಟ್ಟಿ ಬಟ್ಟೆ ಕತ್ತರಿಸಿ "ಹೂಂ" ಅಥವಾ "ಊಹೂಂ" ಎನ್ನುತ್ತಿದ್ದಳು. ಊಹೂಂ ಎಂದದ್ದು ಮತ್ತೆ ಕಲ್ಲಿಗೆ. ನೆಲದ ತುಂಬ ಬಣ್ಣಬಣ್ಣದ ಪಟ್ಟಿಗಳು ಬೀಳುತ್ತಿದ್ದವು, ಟೀ ಎರಡು ಲೋಟ ಬರುತ್ತಿತ್ತು. ಸಂಜೆಯಾಗುವುದನ್ನು ಅವನು ಬೆಳಗ್ಗೆಯಿಂದಲೇ ಕಾಯುತ್ತಿದ್ದ. ಆದರೆ ಅವಳು ಬಂದಾಗ "ಇವತ್ತು ತಡವಾಯ್ತಲ್ಲ" ಎಂದು ಸಿಡುಕುತ್ತಿದ್ದ.

"ಸಂಬಳ ಕೊಡೋರು ಬೈಯ್ಲಿ, ಬರೀ ಟೀ ಕೊಡೋರದ್ದೂ ಜಬರ್ದಸ್ತು!" ಎನ್ನುತ್ತಿದ್ದಳು ಅವಳು.

ಅವಳು ಒಮ್ಮೆ ಕತ್ತರಿಯ ವಿಡಿಯೋ ಮಾಡಿ ಫೋನಿನಲ್ಲಿ ಹಾಕಿದ್ದೇ ತಡ, ಇಬ್ಬರೂ ಹೆಸರೇ ಕೇಳಿರದ ಊರುಗಳಿಂದ ಕರೆ ಬರತೊಡಗಿತು. ಜನ ರಟ್ಟಿನ ಮೇಲೆ ತಮ್ಮ ಕೈ ಬರೆದು ಫೋಟೊ ಕಳಿಸಿದರು. ದುಡ್ಡು ಫೋನಿನಲ್ಲೇ ಬಂತು, ಕತ್ತರಿ ಪಾರ್ಸೆಲಿನಲ್ಲಿ ಹೋಯಿತು. ಅವಳು ಕಾರ್ಖಾನೆ ಬಿಟ್ಟು ಅವನ ಜೊತೆಗೇ ನಿಂತಳು. ವ್ಯಾಪಾರ ಬೆಳೆದಷ್ಟೂ ಅಂಗಡಿಗೆ ಬರುವವರು ಕಡಿಮೆಯಾದರು. ಮೊದಲು ಅಂಗೈ ಹಿಡಿದು ಗೆರೆ ಎಳೆಯುತ್ತಿದ್ದವನ ಮುಂದೆ ಈಗ ಬರೀ ರಟ್ಟಿನ ಕೈಗಳು. ಅವಳಿದ್ದಳಲ್ಲ, ಅದೇನೂ ಅವನಿಗೆ ದೊಡ್ಡದಾಗಿ ಕಾಣಲಿಲ್ಲ.

ಹೀಗಿರುವಾಗ ಹೊರದೇಶದ ಒಂದು ಹೊಲಿಗೆ ಸಾಮಾನಿನ ಕಂಪನಿಯವರು ಬಂದರು. ಈ ದೇಶದಲ್ಲಿ ವ್ಯಾಪಾರ ಶುರು ಮಾಡಬೇಕೋ ಬೇಡವೋ ಎಂದು ಊರೂರು ತಿರುಗಿ ಕೇಳುತ್ತಿದ್ದರು. ಅವರ ಅಧಿಕಾರಿ ಎತ್ತರದ ಮನುಷ್ಯ, ಬಾಗಿಲಿಗೆ ತಲೆ ತಗಲಿಸಿಕೊಂಡು ತಾನೇ ನಕ್ಕ. ಕಾರ್ಖಾನೆ ಬಿಟ್ಟ ಮೇಲೆ ರಾತ್ರಿ ಕ್ಲಾಸಿನಲ್ಲಿ ಕಲಿತ ಅವರ ಭಾಷೆಯನ್ನು ಎಡಚಕ್ಕ ಧೈರ್ಯವಾಗಿ ಹೊರತೆಗೆದಳು.

"ಇಂಥ ಅಪರೂಪದ ಸಾಮಾನು ಮಾಡಿ ನೀವು ಇಲ್ಲಿ ಬದುಕೋದು ಹೇಗೆ ಅಂತ ಕೇಳ್ತಿದ್ದಾರೆ ಅಣ್ಣಾ."

ಮಾತು ಕಡಿಮೆಯಿದ್ದ ಸಾಣೆಯಣ್ಣನಿಗೆ ಆ ದಿನ ಅದೆಲ್ಲಿಂದ ಮಾತು ಬಂತೋ.

"ಅಪರೂಪ ಅನ್ನೋದು ಸಣ್ಣ ದೇಶದ ಮಾತು ಅಂತ ಹೇಳು. ಬೀದಿಗೆ ಒಬ್ಬರೋ ಇಬ್ಬರೋ ಎಡಗೈಯವರು ಇದ್ರೂ, ನಮ್ಮಲ್ಲಿ ಬೀದಿಗಳಿಗೇನು ಬರವಾ? ಎಲ್ಲಾ ಸೇರಿಸಿದ್ರೆ ಅದೇ ಒಂದು ಜಾತ್ರೆ. ಇನ್ನೊಂದು, ಇಲ್ಲಿ ಜನ ಈಗೀಗ ಕೊಳ್ಳೋಕೆ ಶುರು ಮಾಡಿದ್ದಾರೆ. ನೆನ್ನೆವರೆಗೂ ಎರವಲು ಕತ್ತರೀಲಿ ಹೊಲೀತಿದ್ದ ಹುಡುಗಿ ಇವತ್ತು ಸ್ವಂತದ್ದು ಬೇಕು ಅಂತಾಳೆ, ನಾಳೆ ಎರಡನೇ ಮೆಷಿನ್ ತಗೋತಾಳೆ. ಎಲ್ಲಾ ಇರೋರಿಗೆ ಮಾರೋದು ಕಷ್ಟ. ಮೊದಲ ಸಲ ಕೊಳ್ಳೋರಿಗೆ ಮಾರೋದು ಸುಲಭ."

ಅಧಿಕಾರಿ ಕಬ್ಬಿಣ ಎಲ್ಲಿಯದು ಎಂದು ಕೇಳಿದ.

"ಹಳೇ ಲಾರಿ ಪಟ್ಟಿ. ಹಳೇದನ್ನ ಇಲ್ಲಿ ಯಾರೂ ಬಿಸಾಡಲ್ಲ. ಮುರಿದ್ರೆ ರಿಪೇರಿ ಮಾಡೋನು ಪ್ರತಿ ಊರಲ್ಲೂ ಇದ್ದಾನೆ, ಹಾಗಾಗಿ ಜನ ಹೆದರದೆ ಹೊಸ ಸಾಮಾನು ತಗೋತಾರೆ. ಪಾರ್ಸೆಲ್ಲು ಹೋಗದ ಹಳ್ಳಿ ಇಲ್ಲ. ಒಂದು ಎಚ್ಚರಿಕೆ ಹೇಳು. ಚೌಕಾಸಿ ಮಾಡಿ ಪ್ರಾಣ ತೆಗೀತಾರೆ. ಸಾಮಾನು ಕೆಟ್ಟದಾದ್ರೆ ಬೀದೀಲಿ ನಿಂತು ಮಾನ ಹರಾಜು ಹಾಕ್ತಾರೆ. ಚೆನ್ನಾಗಿದ್ರೆ ಜಾಹೀರಾತೇ ಬೇಡ, ಅವರ ಬಾಯೇ ಸಾಕು."

ಅವಳು ಅದನ್ನೆಲ್ಲ ಅವನಿಗಿಂತ ಚೆನ್ನಾಗಿ ಹೇಳಿದಳು. ನಡುನಡುವೆ ತನ್ನದೂ ಸೇರಿಸಿದಳೆಂದು ಅಧಿಕಾರಿ ನಕ್ಕ ರೀತಿಯಲ್ಲೇ ಗೊತ್ತಾಯಿತು. ಆ ಅಧಿಕಾರಿ ಕತ್ತರಿಗಿಂತ ಹೆಚ್ಚಾಗಿ ಅವಳನ್ನೇ ಗಮನಿಸುತ್ತಿದ್ದ.

ಕಂಪನಿ ಬಂತು. ಬಂದರಿನ ನಗರದಲ್ಲಿ ಆಫೀಸು ತೆರೆದು, ದೇಶದ ದರ್ಜಿಗಳನ್ನೆಲ್ಲ ಮಾತಾಡಿಸುವ ಕೆಲಸಕ್ಕೆ ಎಡಚಕ್ಕನನ್ನು ಕರೆಯಿತು.

"ಹೋಗ್ಲಾ ಅಣ್ಣಾ?" ಎಂದು ಅವಳು ಕೇಳಿದಾಗ ಅವನು ಸಾಣೆಕಲ್ಲು ತಿರುಗಿಸುತ್ತಿದ್ದ. ನಿಲ್ಲಿಸಲಿಲ್ಲ.

"ಹೋಗು. ಅದನ್ನೇನು ಕೇಳೋದು?"

"ಕತ್ತರಿ ಯಾರು ನೋಡ್ತಾರೆ?"

"ಇಷ್ಟು ವರ್ಷ ಮಾಡಿದ್ದೀನಿ, ಕೈಗೆ ಬಂದಿದೆ. ನಾನೇ ನೋಡ್ಕೋತೀನಿ."

ಅವಳು ಹೋದಳು. ಮೊದಲ ಸಂಜೆ ಟೀಯವನು ಅಭ್ಯಾಸಬಲದಿಂದ ಎರಡು ಲೋಟ ಇಟ್ಟು ಹೋದ. ಸಾಣೆಯಣ್ಣ ಎರಡನ್ನೂ ಕುಡಿದ. ಮಾರನೆಯ ದಿನ ಒಂದೇ ಸಾಕೆಂದ.

ಅದೇ ತಿಂಗಳು ಒಂದು ಹೊಲಿಗೆ ತರಬೇತಿ ಶಾಲೆಯಿಂದ ಒಳ್ಳೆಯ ಆರ್ಡರು ಬಂತು. ಅವನು ಹಗಲೆಲ್ಲ ದುಡಿದ. ಸಂಜೆ ಮರದ ಡಬ್ಬದ ಮೇಲೆ ತಾನೇ ಕೂತು ಒಂದೊಂದನ್ನೂ ಕತ್ತರಿಸಿ ನೋಡಿದ. ಬಟ್ಟೆ ಅಗಿಯುತ್ತಿದ್ದ ಕಡೆ ತಿರುಪು ಬಿಗಿ ಮಾಡಿದ, ಅಲಗಿಗೆ ಇನ್ನಷ್ಟು ಬಾಗು ಕೊಟ್ಟ. ಎಲ್ಲವೂ ನೀಟಾಗಿ ಕತ್ತರಿಸುವವರೆಗೆ ಬಿಡಲಿಲ್ಲ. ಪಾರ್ಸೆಲ್ ಕಳಿಸಿ ನೆಮ್ಮದಿಯ ಉಸಿರುಬಿಟ್ಟ.

ವಾರದೊಳಗೆ ಫೋನು ಬಂತು. ಶಾಲೆಯ ಟೀಚರಮ್ಮ ಸಂಕೋಚದಿಂದ ಮಾತಾಡಿದರು. "ಸ್ವಲ್ಪ ಬಿಗಿ ಅನ್ಸುತ್ತೆ ಸಾರ್. ಮಕ್ಕಳಿಗೆ ಕೈ ನೋವು ಬರ್ತಿದೆ." ಅಷ್ಟರಲ್ಲಿ ಯಾರೋ ಹುಡುಗಿ ಫೋನು ಕಸಿದುಕೊಂಡು, "ಇದಕ್ಕಿಂತ ನಮ್ಮನೆ ಹಳೇ ಕತ್ತರೀನೇ ವಾಸಿ!" ಎಂದಳು.

ಆ ಮಾತು ಅವನಿಗೆ ನಾಟಿತು. ಎಡಗೈಯವರಿಗೆಂದು ಮಾಡಿದ ಕತ್ತರಿ ಎಡಗೈಯನ್ನೇ ನೋಯಿಸಿದರೆ ತಾನು ಮಾಡುವ ಕೆಲಸಕ್ಕೆ ಅರ್ಥವೇನು? ಎಲ್ಲಿ ತಪ್ಪಿತೆಂದೂ ತಿಳಿಯಲಿಲ್ಲ. ಎರಡು ದಿನ ಒದ್ದಾಡಿ ಕೊನೆಗೆ ಎಡಚಕ್ಕನಿಗೆ ಫೋನು ಮಾಡಿದ. ಅವಳು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದಳು.

"ಅಣ್ಣಾ, ಯಾವ ಕೈಯಲ್ಲಿ ಹಿಡಿದು ನೋಡಿದ್ರಿ?"

"ಬಲ..." ಎನ್ನುತ್ತ ಸಾಣೆಯಣ್ಣ ತನ್ನ ಕೈ ನೋಡಿಕೊಂಡ. ಎಡಗೈ ಕತ್ತರಿಯನ್ನು ಬಲಗೈಯಲ್ಲಿ ಹಿಡಿದು, ಬಲಗೈಗೆ ಸರಿಯಾಗುವವರೆಗೆ ತಿದ್ದಿದ್ದ. ಒಂದೊಂದನ್ನೂ ಕೂತು, ಶ್ರದ್ಧೆಯಿಂದ ಕೆಡಿಸಿದ್ದ.

ಅತ್ತ ಅವಳು ನಕ್ಕಳು ನಕ್ಕಳು, ಕೆಮ್ಮು ಬರುವಷ್ಟು. ಆಮೇಲೆ ನಗು ನಿಂತಿತು.

"ನಾನು ವಾಪಸ್ ಬರ್ಲಾ ಅಣ್ಣಾ? ನಿಜವಾಗಿ ಕೇಳ್ತಿದ್ದೀನಿ. ಇಲ್ಲಿ ಎಲ್ಲಾ ಚೆನ್ನಾಗಿದೆ. ಆದ್ರೆ ನೀವು ಒಂದು ಮಾತು ಹೇಳಿದ್ರೆ ಬಂದುಬಿಡ್ತೀನಿ."

ಬಾ ಎಂಬ ಒಂದಕ್ಷರ ನಾಲಗೆ ತುದಿಯಲ್ಲಿತ್ತು. ಅವಳ ಹಿಂದೆ ಆಫೀಸಿನ ಸದ್ದು ಕೇಳುತ್ತಿತ್ತು. ಯಾರೋ ಅವಳನ್ನು 'ಮೇಡಂ' ಎಂದು ಕರೆದರು, ಅವಳು "ಒಂದ್ನಿಮಿಷ" ಎಂದಳು. ಆ ದನಿ ಅವನು ಕೇಳಿದ್ದ ದನಿಯಲ್ಲ. ಬೈಸಿಕೊಂಡು ಕಿವಿ ದಪ್ಪಗಾದವಳು ಆ ದನಿಯಲ್ಲಿ ಎಲ್ಲೂ ಇರಲಿಲ್ಲ.

"ಬೇಡ," ಎಂದ. "ಬಂದು ಈ ಡಬ್ಬದ ಮೇಲೆ ಕೂತು ಏನು ಮಾಡ್ತೀಯ? ಸೊಂಟ ನೋವು ಅಂತ ನನಗೇ ಗೋಳು ಹೊಯ್ಕೋತೀಯ."

"ಮತ್ತೆ ಕತ್ತರಿ?"

"ನೋಡೋಣ. ಮೊದಲು ಮಕ್ಕಳಿಗೆ ತಪ್ಪಾಯ್ತು ಅಂತ ಹೇಳಿ ಎಲ್ಲಾ ವಾಪಸ್ ತರಿಸ್ತೀನಿ."

ಹಾಗೇ ಮಾಡಿದ. ಪಾರ್ಸೆಲ್ ಹಿಂತಿರುಗಿ ಬಂದ ಮೇಲೆ ತನ್ನ ಎಡಗೈಗೇ ಕಲಿಸಲು ನೋಡಿದ. ಅದು ನಿನ್ನೆ ಹುಟ್ಟಿದ ಕೂಸಿನಂತೆ ಎತ್ತೆತ್ತಲೋ ಹೋಯಿತು. ಅದು ಕೊಡುವ ತೀರ್ಪು ನಂಬುವ ಹಾಗಿರಲಿಲ್ಲ. ಆಗ ಒಂದು ಬೆಂಚು ತಂದು ಬಾಗಿಲ ಹೊರಗೆ ಹಾಕಿ, ಹೋಗಿಬರುವವರ ಕೈಗಳನ್ನು ನೋಡುತ್ತ ಕೂತ. ಯಾರು ಯಾವ ಕೈಯಲ್ಲಿ ಚೀಲ ಬಿಚ್ಚುತ್ತಾರೆ, ಯಾವ ಕೈಯಲ್ಲಿ ಬೀಗ ತೆಗೆಯುತ್ತಾರೆ. ಅಧಿಕಾರಿಗೆ ಅಷ್ಟು ಜೋರಾಗಿ ಹೇಳಿದವನು ತನ್ನ ಬೀದಿಯಲ್ಲೇ ಇದ್ದವರನ್ನು ಒಮ್ಮೆಯೂ ಹುಡುಕಿರಲಿಲ್ಲ. ಮೊದಲು ಸಿಕ್ಕವಳು ತಳ್ಳುಗಾಡಿಯ ತರಕಾರಿಯವಳು. ಎಡಗೈಯಲ್ಲಿ ತಕ್ಕಡಿ ಎತ್ತುತ್ತಿದ್ದಳು.

"ಅಮ್ಮಾ, ಒಂದು ಬಟ್ಟೆ ಕತ್ತರಿಸಿ ಕೊಡ್ತೀರಾ?"

"ನಿಮಗೇನು ಕೈ ಇಲ್ವಾ?" ಎಂದಳು ಅವಳು. ಆದರೂ ಬಂದಳು. ಮೂರು ಕತ್ತರಿ ನೋಡಿ, "ಇದು ಪರವಾಗಿಲ್ಲ, ಇದು ಕಲ್ಲು, ಇದು ಚೆನ್ನಾಗಿದೆ. ಆಯ್ತಾ? ಗಾಡಿ ಹತ್ರ ಯಾರೂ ಇಲ್ಲ," ಎಂದು ಹೊರಟಳು. ಸಾಣೆಯಣ್ಣ ಕೂರಿ ಎನ್ನುವಷ್ಟರಲ್ಲಿ ಗಾಡಿ ತಿರುವು ದಾಟಿತ್ತು. ಆದರೆ ಅವಳು ಹೇಳಿದ್ದು ಮೂರಕ್ಕೆ ಮೂರೂ ಸರಿಯಾಗಿತ್ತು. ಅವಳಂಥವರ ಮಾತು ಕೇಳಿ ತಿದ್ದಿ ಕಳಿಸಿದ ಕತ್ತರಿಗಳು ಶಾಲೆಯಲ್ಲಿ ಉಳಿದವು, ಹಿಂತಿರುಗಲಿಲ್ಲ.

ಎಡಚಕ್ಕನ ಫೋನು ಮೊದಮೊದಲು ವಾರಕ್ಕೊಮ್ಮೆ ಬರುತ್ತಿತ್ತು. ಆಮೇಲೆ ಅವಳಿಗೆ ಓಡಾಟ ಹೆಚ್ಚಾಯಿತು.

ಈಗ ಸಾಣೆಯಣ್ಣ ಅದೇ ಅಂಗಡಿಯಲ್ಲಿ ಎಡಗೈಯವರಿಗೆ ಕತ್ತರಿ ಮಾಡುತ್ತಾನೆ. ಸಂಜೆ ಬೀದಿಯಲ್ಲಿ ಸಿಕ್ಕ ಎಡಗೈಯವರನ್ನು ಕರೆದು ಬಟ್ಟೆ ಕತ್ತರಿಸಿ ನೋಡಲು ಹೇಳುತ್ತಾನೆ. ಅವರು ಸರಿ ಎಂದದ್ದನ್ನು ಪಾರ್ಸೆಲ್ ಕಟ್ಟಿ, ವಿಳಾಸ ಬರೆದು, ತಾನೇ ನಡೆದುಹೋಗಿ ಕೊಟ್ಟು ಬರುತ್ತಾನೆ.