ಮಾವ ಕಡಿದ ಗುಡ್ಡ

ಪಕ್ಕದ ಮನೆಯ ಮಾವನ ಹುಬ್ಬುಗಳು ಬೇಸಿಗೆಯಿಡೀ ಕೆಂಪಾಗಿರುತ್ತಿದ್ದವು. ಜೆಸಿಬಿ ನಡೆಸುವಾಗ ಕೂತ ಧೂಳು ಎರಡು ಸಲ ಮಿಂದರೂ ಬಿಡುತ್ತಿರಲಿಲ್ಲ. ರಕ್ತಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಿರಲಿಲ್ಲ. ಆದರೆ ಅಪ್ಪ ತೀರಿಕೊಂಡ ಮೇಲೆ ಬಾವಿಯ ಕೆಸರು ತೆಗೆಸುವುದರಿಂದ ಹಿಡಿದು ನನ್ನ ಮದುವೆಯ ಚಪ್ಪರದವರೆಗೆ ಎಲ್ಲಕ್ಕೂ ನಿಂತವರು ಅವರೇ.

ಕಾರವಾರದ ನೌಕಾನೆಲೆಯ ಕೆಲಸದಲ್ಲಿ ಯಂತ್ರ ಕಲಿತವರು. ಬಕೆಟ್ಟಿನ ತುದಿಯಿಂದ ತೆಂಗಿನ ಸಸಿಯನ್ನು ಬೇರು ಹರಿಯದಂತೆ ಎತ್ತಿ ಬೇರೆಡೆ ಇಡಬಲ್ಲವರಾಗಿದ್ದರು. "ಮಣ್ಣು ಎಲ್ಲಿ ಸಡಿಲ ಉಂಟು ಹೇಳಿ ಕೈಗೇ ಗೊತ್ತಾಗ್ತದೆ ತಂಗಿ" ಎನ್ನುತ್ತಿದ್ದರು. ಅಮ್ಮನನ್ನು ಅಕ್ಕ ಎಂದೂ ನನ್ನನ್ನು ತಂಗಿ ಎಂದೂ ಕರೆಯುವುದು ಅವರ ರೂಢಿ.

ಅಂಕೋಲೆಯ ಹತ್ತಿರದ ನಮ್ಮ ಕೇರಿಯ ಹಿಂದೆ ರಸ್ತೆಗಾಗಿ ಗುಡ್ಡ ಕಡಿಯುವ ಕೆಲಸ ಅವರ ಪಾಲಿಗೇ ಬಂತು. ತವರಿಗೆ ಬಂದಿದ್ದ ನಾನು ಅಂಗಳದಲ್ಲಿದ್ದೆ. ಗುತ್ತಿಗೆದಾರನ ಮುಂದೆ ಮಾವ ಅಂಗಲಾಚುತ್ತಿದ್ದರು.

"ಹೀಗೆ ನೆಟ್ಟಗೆ ಕಡಿದ್ರೆ ಮಳೆಗಾಲದಲ್ಲಿ ನಿಲ್ಲೂದಿಲ್ಲ ಸಾಹೇಬ್ರೇ. ಕೆಳಗೆ ಮನೆ ಉಂಟು."

"ನಿನ್ನ ಹತ್ರ ಆಗೂದಿಲ್ಲಾದ್ರೆ ಹೇಳು. ಬೇರೆ ಆಪರೇಟರ್ ಬರ್ತಾನೆ."

ಮಾವ ಒಮ್ಮೆ ಕೆಳಗಿನ ನಮ್ಮ ಮನೆಯತ್ತ ನೋಡಿದರು. ಆಮೇಲೆ ಹತ್ತಿ ಕೂತರು. ಕಡಿದರು.

ಆ ಆಷಾಢದಲ್ಲಿ ಬಿಡದೆ ಸುರಿದ ಮಳೆಗೆ ಗುಡ್ಡ ನಮ್ಮ ಮನೆಯ ಮೇಲೆ ಕುಸಿಯಿತು. ಒಳಗೆ ಅಮ್ಮ ಒಬ್ಬಳೇ ಇದ್ದಳು. ಕಾರವಾರದಾಚೆಯ ಮಾಜಾಳಿಯ ಗಂಡನ ಮನೆಯಿಂದ ನಾನು ಧಾವಿಸಿ ಬರುವಷ್ಟರಲ್ಲಿ ಮಾವ ಯಂತ್ರ ತಂದು ಮಣ್ಣು ತೆಗೆಯುತ್ತಿದ್ದರು. ಹಂಚು ಕಂಡದ್ದೇ ನಿಲ್ಲಿಸಿ ಇಳಿದರು. "ಇನ್ನು ಬಕೆಟ್ ಬೇಡ, ಅಕ್ಕನಿಗೆ ತಾಗ್ತದೆ" ಎಂದು ಮಂಡಿಯೂರಿ ಕೈಯಲ್ಲೇ ಬಗೆದರು. ಅಡುಗೆಮನೆಯ ಬಾಗಿಲ ಬಳಿ ಅಮ್ಮ ಸಿಕ್ಕಳು. ಉಸಿರಿರಲಿಲ್ಲ. ಹೆಗಲ ಮೇಲಿನ ಟವೆಲ್ಲಿನಿಂದ ಅವಳ ಮುಖ ಒರೆಸಿ ನನಗೆ ತೋರಿಸಿದರು. ಆ ಮುಖಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಹನ್ನೆರಡನೆಯ ದಿನ ಮಾವ ಮಾಜಾಳಿಗೆ ಬಂದು ಬಾಗಿಲಲ್ಲಿ ನಿಂತರು. "ಬುಡ ಕಡಿದವ ನಾನೇ ತಂಗಿ. ಅವತ್ತೇ ಇಳಿದು ಬರ್ಬೇಕಿತ್ತು."

ಅವರ ಎಚ್ಚರಿಕೆಯನ್ನು ನಾನೂ ಕೇಳಿದ್ದೆ. ಅಮ್ಮನನ್ನು ಮಾಜಾಳಿಗೆ ಕರೆದೊಯ್ಯಬಹುದಿತ್ತು. ಅದನ್ನು ಹೇಳಲಿಲ್ಲ. ಕೂತುಕೊಳ್ಳಿ ಎಂದೂ ಹೇಳಲಿಲ್ಲ. ಅವರು ಬಂದ ದಾರಿಯಲ್ಲೇ ಹೋದರು.

ಮತ್ತೆಂದೂ ಅವರು ಯಂತ್ರ ಹತ್ತಲಿಲ್ಲ. ಮಳೆ ಜೋರಾದರೆ ಕೊಡೆ ಹಿಡಿದು ಗುಡ್ಡದ ಎದುರು ನಿಲ್ಲುತ್ತಿದ್ದರಂತೆ. ಕರೆದರೂ ಒಳಗೆ ಬರುತ್ತಿರಲಿಲ್ಲವಂತೆ. ಎರಡು ವರ್ಷದ ನಂತರ ಕಾಮಾಲೆಯಾಗಿ ಮಲಗಿದ್ದಾರೆಂದು ಸುದ್ದಿ ಬಂದಾಗ, ನಾಳೆ ಹೋದರಾಯಿತು ಎಂದುಕೊಂಡೆ. ಹೀಗೇ ನಾಲ್ಕು ದಿನ ಕಳೆದೆ.

ಹೋದಾಗ ಮಾವ ತೀರಿಕೊಂಡಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು ಹೇಳಿದರು: "ಬಾಗಿಲು ಸಪ್ಪಳ ಆದ್ರೆ ಸಾಕು, ತಂಗಿ ಬಂತಾ ಹೇಳಿ ಕೇಳ್ತಿದ್ರು."

ಬೇರೆ ಯಾರು ಕಡಿದಿದ್ದರೂ ಆ ಗುಡ್ಡ ಬೀಳುತ್ತಿತ್ತು. ಆದರೆ ಹಂಚು ಕಂಡಾಗ ಬೇರೆ ಯಾರೂ ಯಂತ್ರ ನಿಲ್ಲಿಸಿ ಇಳಿಯುತ್ತಿರಲಿಲ್ಲ. ಇಷ್ಟನ್ನು ಅವರಿಗೆ ಹೇಳಲು ನನಗೆ ಎರಡು ವರ್ಷ ಸಾಲಲಿಲ್ಲ.