ಏಳನೇ ಪುಟದ ಬೂದಿಮೋರೆ

ಅದು ಮಂಗಳವಾರ. ನಮ್ಮವರು ಬೆಳಿಗ್ಗೆ ನಲ್ಲಿಯ ವಾಷರ್ ಬದಲಾಯಿಸಿದರು, ಊಟ ಮಾಡಿದರು, ಸ್ವಲ್ಪ ಹೊತ್ತು ಮಲಗಿದರು. ಎದ್ದು ಪೇಪರ್ ಓದುತ್ತ ಕೂತವರು ಒಂದು ಪುಟ ಮಡಿಸಿ ನನ್ನ ಮುಂದೆ ಇಟ್ಟರು. ನಾನು ಬೀನ್ಸ್ ಮುರಿಯುತ್ತಿದ್ದೆ.

"ನೋಡೇ, ನನ್ನ ಮಗ ಮತ್ತೆ ಬಂದಿದ್ದಾನೆ," ಅಂದರು.

ಪೇಪರಿನಲ್ಲಿ ಬೂದಿಮೋರೆಯ ಚಿತ್ರ. ಮಕ್ಕಳ ಚಿತ್ರಕಥೆಯ ಖಳನಾಯಕ ಅವನು. ಮುಖದ ಅರ್ಧ ಎಲ್ಲರ ಹಾಗೆ, ಇನ್ನರ್ಧ ಬೂದಿ ಬಣ್ಣ. ಅವನದು ಹೊಸ ವಿಡಿಯೋ ಗೇಮ್ ಬಂದಿದೆ, ಮೂರನೆಯದು, ಅಂತ ಸುದ್ದಿ. ನಮಗೆ ಮಕ್ಕಳಿಲ್ಲ. ಅವನನ್ನು ನನ್ನ ಮಗ ಅನ್ನುವುದು ನಮ್ಮವರ ಹಳೆಯ ತಮಾಷೆ. ಆದರೆ ಆ ದಿನ ನಗಲಿಲ್ಲ.

"ಭಾನುವಾರ ಕಡ್ಡಿ ಮನೆಗೆ ಹೋಗಿ ಹೇಳಿಬಿಡ್ತೀನಿ."

"ಮೂವತ್ತೊಂದು ವರ್ಷದಿಂದ ಇದೇ ರಾಗ," ಅಂದೆ.

"ಈ ಸಲ ಹೋಗ್ತೀನಿ ಕಣೇ."

"ಹೋಗಿ. ಬರ್ತಾ ಈರುಳ್ಳಿ ತನ್ನಿ."

ಬುಧವಾರ ಬೆಳಿಗ್ಗೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತವರು ಏಳಲಿಲ್ಲ. ಬಸ್ಸು ಬಂದು ಹೋಯಿತಂತೆ. ಪಕ್ಕದಲ್ಲಿ ಕೂತವರು ನಿದ್ದೆ ಅಂದುಕೊಂಡರಂತೆ.

ಕಡ್ಡಿಗೆ ಹೇಳಬೇಕಾಗಿದ್ದದ್ದು ಏನು ಅಂತ ಬರೆಯುತ್ತೇನೆ.

ನಮ್ಮವರು ಚಿತ್ರಕಥೆ ಪುಸ್ತಕ ಅಚ್ಚು ಮಾಡುವ ಪ್ರೆಸ್ಸಿನಲ್ಲಿದ್ದರು. ಚಿತ್ರ ಬರೆಯುವವರಲ್ಲ, ಕಥೆ ಬರೆಯುವವರೂ ಅಲ್ಲ. ಬಣ್ಣದ ಫಿಲ್ಮ್ ತಿದ್ದುವ ಕೆಲಸ. ಪ್ರತಿ ಪುಟಕ್ಕೂ ನಾಲ್ಕು ಫಿಲ್ಮು: ಹಳದಿ, ಕೆಂಪು, ನೀಲಿ, ಕಪ್ಪು. ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿನ ಮೇಲೆ ಫಿಲ್ಮ್ ಇಟ್ಟುಕೊಂಡು, ಬಣ್ಣ ಬೇಡದ ಕಡೆ ಸಣ್ಣ ಬ್ರಷ್ಷಿನಿಂದ ಮಸಿ ಬಳಿಯಬೇಕು. ಮಸಿ ಬಿದ್ದ ಕಡೆ ಆ ಬಣ್ಣ ಅಚ್ಚಾಗುವುದಿಲ್ಲ. ಎಲ್ಲಿ ಬಳಿಯಬೇಕು ಅಂತ ಚಿತ್ರ ಬರೆಯುವವರು ತೆಳು ಕಾಗದದ ಮೇಲೆ ಗುರುತು ಹಾಕಿ ಕೊಡುತ್ತಿದ್ದರು. ಕಾಗದ ಕೆಳಗೆ, ಫಿಲ್ಮ್ ಮೇಲೆ.

ಆ ಮೇಜಿಗೆ ಇಬ್ಬರು. ಒಂದು ಕಡೆ ನಮ್ಮವರು, ಎದುರಿಗೆ ಕಡ್ಡಿಯಣ್ಣ. ಆಗ ಅವರು ಗಾಳಿ ಬಂದರೆ ಹಾರಿಹೋಗುವ ಹಾಗಿದ್ದರು, ಅದಕ್ಕೇ ಆ ಹೆಸರು. ನನ್ನನ್ನು ಅತ್ತಿಗೆ ಅನ್ನುತ್ತಿದ್ದರು. ನಮ್ಮವರ ಡಬ್ಬಿಯಲ್ಲಿ ಅರ್ಧ ಊಟ ಅವರದೇ.

ಒಂದು ಸಂಚಿಕೆಯ ಏಳನೇ ಪುಟದಲ್ಲಿ ಒಬ್ಬ ಕಳ್ಳ, ಅವನ ಪಕ್ಕದಲ್ಲಿ ಒಂದು ದೀಪ. ದೀಪ ನಸುನೀಲಿ ಬಿಳುಪಾಗಿ ಕಾಣಬೇಕು, ಅಲ್ಲಿ ಹಳದಿ ಬೇಡ, ಕೆಂಪು ಬೇಡ. ಗುರುತಿನ ಕಾಗದ ಮಗುಚಿ ಬಿದ್ದಿತ್ತು. ತೆಳು ಕಾಗದ ತಾನೆ, ಗುರುತು ಎರಡು ಕಡೆಗೂ ಕಾಣುತ್ತದೆ, ಆದರೆ ಎಡ ಬಲ ಅದಲುಬದಲು. ನಮ್ಮವರು ನೋಡದೆ ಬಳಿದರು. ದೀಪಕ್ಕೆ ಬೀಳಬೇಕಾದ ಮಸಿ ಕಳ್ಳನ ಅರ್ಧ ಮುಖಕ್ಕೆ ಬಿತ್ತು. ಆ ಅರ್ಧಕ್ಕೆ ನೀಲಿ, ಕಪ್ಪು ಎರಡೇ ಬಣ್ಣ ಉಳಿಯಿತು.

ಪುಸ್ತಕ ಅಚ್ಚಾಗಿ ಅಂಗಡಿಗೆ ಹೋದ ಮೇಲೆ ಪ್ರೆಸ್ಸಿನ ಯಜಮಾನರು ಕೆಳಗಿಳಿದು ಬಂದರು. ಏಳನೇ ಪುಟ ಯಾರದು ಅಂದರು. ಕಡ್ಡಿಯಣ್ಣ ಅವತ್ತು ರಜೆ, ಹಲ್ಲು ಕೀಳಿಸಲು ಹೋಗಿದ್ದರು. ಮೇಸ್ತ್ರಿ, "ಕಡ್ಡೀದೇ ಇರಬೇಕು ಸಾರ್, ಅವನಿಗೆ ಯಾವಾಗಲೂ ಅವಸರ," ಅಂದ. ನಮ್ಮವರು ತಲೆ ತಗ್ಗಿಸಿ ಬ್ರಷ್ ತೊಳೆಯುತ್ತಿದ್ದರು. "ನಂದು ಸಾರ್," ಅನ್ನಬೇಕಿತ್ತು. ಅನ್ನಲಿಲ್ಲ. ಮನೆಗೆ ಬಂದು ನನ್ನ ಹತ್ತಿರ ಅಂದರು. ನನ್ನ ಹತ್ತಿರ ಅಂದು ಏನು ಬಂತು?

ಕಡ್ಡಿಯಣ್ಣನನ್ನು ಮೇಜಿನಿಂದ ಎಬ್ಬಿಸಿ ಪುಸ್ತಕಕ್ಕೆ ಪಿನ್ ಹೊಡೆಯುವ ಕಡೆಗೆ ಹಾಕಿದರು. ಆರು ತಿಂಗಳು ಹೊಡೆದು ಕೆಲಸ ಬಿಟ್ಟರು.

ಅಷ್ಟರಲ್ಲಿ ಓದುಗರ ಕಾಗದ ಚೀಲಗಟ್ಟಲೆ ಬರತೊಡಗಿತ್ತು. ಆ ಅರ್ಧ ಮುಖದವನು ಯಾರು, ಮತ್ತೆ ಯಾವಾಗ ಬರುತ್ತಾನೆ, ಅಂತ. ಯಜಮಾನರಿಗೆ ಕೋಪ ಇಳಿದು ಖುಷಿ ಏರಿತು. ಕಥೆ ಬರೆಯುವವರು ಕೂತು ಕಳ್ಳನಿಗೆ ಹೆಸರು ಇಟ್ಟರು, ಹಿನ್ನೆಲೆ ಕಟ್ಟಿದರು. ಅವನು ದೀಪದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದನಂತೆ. ಕುಲುಮೆ ಒಡೆದು ಬೂದಿ ಮುಖಕ್ಕೆ ಹಿಡಿಯಿತಂತೆ. ಅವನದಲ್ಲದ ತಪ್ಪನ್ನು ಅವನ ತಲೆಗೆ ಕಟ್ಟಿ ಹೊರಗೆ ಹಾಕಿದರಂತೆ. ಅದಕ್ಕೇ ಊರಿನ ದೀಪವನ್ನೆಲ್ಲ ಆರಿಸುತ್ತ ತಿರುಗುತ್ತಾನೆ. ಬರೆದವರಿಗೆ ನಮ್ಮವರ ವಿಷಯ ಏನೇನೂ ಗೊತ್ತಿರಲಿಲ್ಲ. ಸುಮ್ಮನೆ ಹೊಳೆದದ್ದು ಬರೆದಿದ್ದರು.

ನಮ್ಮವರು ಆ ಕಥೆ ಓದಿ ಪುಸ್ತಕ ಮುಚ್ಚಿದರು. "ನಾನು ತಪ್ಪಿ ಒಂದು ಮಸಿ ಬಳಿದೆ. ಇವರು ಅದಕ್ಕೆ ಹುಟ್ಟು, ಕೆಲಸ, ಹಗೆ ಎಲ್ಲಾ ಮಾಡಿಕೊಟ್ರು," ಅಂದರು. ಆಮೇಲೆ ಕಡ್ಡಿಯಣ್ಣನಿಗೆ ಮುಖ ತೋರಿಸಲಿಲ್ಲ. ನಾಳೆ ಹೋಗುತ್ತೇನೆ, ನಾಡಿದ್ದು ಹೋಗುತ್ತೇನೆ, ಅಷ್ಟೇ. ಗೇಮ್ ಒಂದೊಂದು ಬಂದಾಗಲೂ ಈ ಮಾತು ಏಳುತ್ತಿತ್ತು. ಆಮೇಲೆ ಮಲಗುತ್ತಿತ್ತು.

ಅವರು ಹೋಗಿ ಎರಡು ತಿಂಗಳಾಯಿತು. ಬಟ್ಟೆ ಕೊಟ್ಟಾಗಿತ್ತು, ಪಿಂಚಣಿ ಕಾಗದಕ್ಕೆ ಸಹಿ ಆಗಿತ್ತು. ಇದೊಂದು ಉಳಿದಿತ್ತು. ಸತ್ತವರ ಮಾತು ಮನೆಯಲ್ಲಿ ಇಟ್ಟುಕೊಂಡು ನಾನೇನು ಮಾಡಲಿ? ಎರಡು ಬಸ್ ಬದಲಾಯಿಸಿ ಹೋದೆ.

ಕೆಳಗೆ ಸೈಕಲ್ ಅಂಗಡಿ, ಮೇಲೆ ಮನೆ. ಬೋರ್ಡು ನೋಡಿ ರಸ್ತೆಯ ಈಚೆಯೇ ನಿಂತುಬಿಟ್ಟೆ. ಬೋರ್ಡಿನ ತುಂಬ ಬೂದಿಮೋರೆ, ಕೈಯಲ್ಲಿ ಗಾಳಿ ಹೊಡೆಯುವ ಪಂಪು. 'ಬೂದಿಮೋರೆ ಸೈಕಲ್ ರಿಪೇರಿ' ಅಂತ ದಪ್ಪಕ್ಷರ. ಕೆಳಗೆ ಸಣ್ಣದಾಗಿ, 'ಅವನನ್ನು ಹುಟ್ಟಿಸಿದವರ ಅಂಗಡಿ.'

ಆ ಬೋರ್ಡು ನೋಡುವ ತನಕ ನನಗೆ ಒಂದೇ ಲೆಕ್ಕ. ತಪ್ಪು ಅವರದಲ್ಲ ಅಂತ ಹೇಳುವುದು, ಅವರ ತಲೆಯ ಭಾರ ಇಳಿಸುವುದು. ಇಲ್ಲಿ ನೋಡಿದರೆ ಆ ಭಾರವನ್ನೇ ಕಿರೀಟ ಮಾಡಿಕೊಂಡು ಕೂತಿದ್ದಾರೆ. ಹೇಳಿದರೆ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ನಮ್ಮವರ ಮಾತು ನನ್ನ ಜೊತೆಯೇ ಮಣ್ಣಿಗೆ. ವಾಪಸ್ ಹೋಗುವ ಬಸ್ಸು ಹಿಡಿಯೋಣ ಅನ್ನಿಸಿತು. ಅಷ್ಟರಲ್ಲಿ ಅವರೇ ನೋಡಿದರು.

ಕಡ್ಡಿ ಹೋಗಿ ಕಂಬ ಆಗಿದ್ದರು. ಕೈ ಒರೆಸಿಕೊಳ್ಳುತ್ತ ಬಂದರು.

"ಅತ್ತಿಗೆ, ಸುದ್ದಿ ಗೊತ್ತಾಗಿದ್ದೇ ಹೋದ ವಾರ. ಹೇಳದೆ ಕೇಳದೆ ಎದ್ದು ಹೋಗೋದು ಅವನಿಗೆ ಮೊದಲಿಂದ ಚಾಳಿ. ಟೀಗೆ ಎದ್ದರೂ ಒಂದು ಮಾತು ಹೇಳ್ತಿರಲಿಲ್ಲ ನನ್ಮಗ." ಹೇಳುತ್ತ ಹೇಳುತ್ತ ಕಣ್ಣು ಒರೆಸಿಕೊಂಡರು. ಮುಖಕ್ಕೆಲ್ಲ ಗ್ರೀಸು.

ಮೇಲೆ ಅವರ ಮಗಳು ಟೀವಿ ಮುಂದೆ ಕೂತಿದ್ದಳು. ಆಸ್ಪತ್ರೆಯಲ್ಲಿ ನರ್ಸು, ಡ್ಯೂಟಿ ಮುಗಿಸಿ ಬಂದು ಆಡುತ್ತಿದ್ದಳು. ಟೀವಿಯಲ್ಲಿ ಬೂದಿಮೋರೆ ಓಡುತ್ತಿದ್ದ.

"ಬನ್ನಿ ದೊಡ್ಡಮ್ಮ. ಇದು ಮೂರನೇದು. ಮೊದಲನೇದರಲ್ಲಿ ಅವನು ಬರೀ ಚೌಕ ಚೌಕ ಇದ್ದ, ಮೂರು ಏಟಿಗೆ ಸಾಯ್ತಿದ್ದ. ಎರಡನೇದರಲ್ಲಿ ಕೊನೇ ಹಂತದಲ್ಲಿ ಬರ್ತಾನೆ. ಒಳ್ಳೆ ಮುಖ ಈ ಕಡೆ ತಿರುಗಿಸಿದರೆ ಏನೂ ಮಾಡಲ್ಲ, ಬೂದಿ ಮುಖ ತಿರುಗಿಸಿದರೆ ಬಿಡಲ್ಲ. ಇದರಲ್ಲಿ ನಾವೇ ಅವನು. ಕಾರ್ಖಾನೆ, ಅವನ ಬಾಡಿಗೆ ಮನೆ, ಅವನಮ್ಮ, ಎಲ್ಲಾ ಇದೆ."

"ಅಪ್ಪ ಆಡ್ತಾರಾ?"

"ಅಪ್ಪನ ಕೈಗೆ ಕೊಟ್ರೆ ಅವನು ಹೋಗಿ ಗೋಡೆಗೆ ಗುದ್ದಿಕೊಂಡು ನಿಲ್ತಾನೆ."

"ಹೆತ್ತವರ ಮಾತು ಯಾವ ಮಗ ಕೇಳ್ತಾನೆ," ಅಂದರು ಕಡ್ಡಿಯಣ್ಣ. ಮಗಳು ನಗುತ್ತ ಕಾಫಿ ಮಾಡಲು ಎದ್ದಳು.

ಅವಳು ಒಳಗೆ ಹೋದದ್ದೇ ಹೇಳಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ಅಣ್ಣಾ, ಏಳನೇ ಪುಟ ನಿಮ್ಮದಲ್ಲ. ನಮ್ಮವರದು. ಕಾಗದ ಮಗುಚಿತ್ತು, ನೋಡಲಿಲ್ಲ. ಯಜಮಾನರು ಕೇಳಿದಾಗ ಬಾಯಿ ಬಿಡಲಿಲ್ಲ. ನಿಮಗೆ ಹೇಳಬೇಕು ಅಂತಾನೇ ಇದ್ದರು. ಭಾನುವಾರ ಬರೋರಿದ್ದರು."

ಟೀವಿಯಲ್ಲಿ ಬೂದಿಮೋರೆ ನಿಂತಲ್ಲೇ ಉಸಿರಾಡುತ್ತಿದ್ದ. ಕಡ್ಡಿಯಣ್ಣ ಅವನನ್ನೇ ನೋಡುತ್ತ ಕೂತರು.

"ಆ ಪುಟ ಮಾಡಿದ್ದು ನನಗೆ ನೆನಪೇ ಇರಲಿಲ್ಲ ಅತ್ತಿಗೆ," ಅಂದರು ಕೊನೆಗೆ. "ದಿನಕ್ಕೆ ಮೂವತ್ತು ಫಿಲ್ಮು. ಎಲ್ಲರೂ ನೀನೇ ಅಂದರು, ಹೌದೇನೋ ಅಂದ್ಕೊಂಡೆ. ಅವತ್ತಿಂದ ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ. ಚಕ್ರದ ನಟ್ಟು ಬಿಗೀತೀನಿ, ಗಿರಾಕಿ ತಿರುವಿನ ಹತ್ರ ಹೋಗಿರ್ತಾನೆ, ಓಡಿಹೋಗಿ ನಿಲ್ಲಿಸಿ ಇನ್ನೊಂದು ಸಲ ನೋಡ್ತೀನಿ. ಬೀದಿಯೋರೆಲ್ಲ ನಗ್ತಾರೆ. ಹೇಗೂ ತಪ್ಪು ನಂದೇ ಅಂತಾಯ್ತಲ್ಲ, ಮೆರೆಸೋಣ ಅಂತ ಬೋರ್ಡು ಹಾಕಿಸಿದೆ. ಈಗ ನೀವು ಬಂದು ತಪ್ಪೂ ನಿಂದಲ್ಲ, ಮಗನೂ ನಿನ್ನವನಲ್ಲ ಅಂತೀರಿ."

ಕಡ್ಡಿಯಣ್ಣ ಎದ್ದು ಕಿಟಕಿಯಿಂದ ಬೋರ್ಡಿನ ಕಡೆ ಬಗ್ಗಿ ನೋಡಿ, ಮತ್ತೆ ಬಂದು ಕೂತರು.

"ಬದುಕಿದ್ದಾಗ ಬಂದಿದ್ರೆ ಕಪಾಳಕ್ಕೆ ಎರಡು ಬಿಗಿದು ಆಮೇಲೆ ಊಟ ಹಾಕ್ತಿದ್ದೆ. ಈಗ ಯಾರಿಗೆ ಹೊಡೀಲಿ?"

"ನನಗೆ ಎರಡು ಮಾತು ಅನ್ನಿ. ಕೇಳ್ಕೊಂಡು ಹೋಗ್ತೀನಿ."

"ನಿಮಗ್ಯಾಕೆ ಅನ್ನಲಿ. ಡಬ್ಬಿ ಕಟ್ಟಿ ಕಳಿಸ್ತಿದ್ದೋರು ನೀವು."

ಮಗಳು ಕಾಫಿ ತಂದಳು. "ಏಳನೇ ಪುಟದ ಕಥೆ ಹೇಳಿದ್ರಾ ಅಪ್ಪ? ಬಂದೋರಿಗೆಲ್ಲ ಹೇಳ್ತಾರೆ ದೊಡ್ಡಮ್ಮ, ಬಿಡಲ್ಲ."

ಅವರು ಹೂಂ ಅಂದಿದ್ದರೆ ನಾನೂ ಹೂಂ ಅನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು. ಅವರು ಲೋಟ ತೆಗೆದುಕೊಂಡು, "ಇವತ್ತು ದೊಡ್ಡಮ್ಮ ಹೇಳಿದರು. ಅದು ನಾನು ಮಾಡಿದ್ದಲ್ಲವಂತೆ ಕಣೇ," ಅಂದರು.

"ಮತ್ತೆ ಬೋರ್ಡು?"

"ಬೋರ್ಡು ಇರಲಿ. ಹೋದ ತಿಂಗಳು ಬಣ್ಣ ಹೊಡೆಸಿದ್ದು. ಕೆಳಗಿನ ಸಾಲು ಅಳಿಸಿದರಾಯ್ತು."

ಕ್ಷಮಿಸಿದೆ ಅಂತ ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಾಫಿ ಕುಡಿದು ಕೆಳಗಿಳಿದೆವು. ಒಬ್ಬಳು ಹೆಂಗಸು ಸೈಕಲ್ ತಂದಳು. ಕಡ್ಡಿಯಣ್ಣ ನಟ್ಟು ಬಿಗಿದು ಕಳಿಸಿ, ನನ್ನ ಕಡೆ ನೋಡಿ ಕೂತರು. ಅವಳು ತಿರುವು ತಲುಪುವ ಹೊತ್ತಿಗೆ ಎದ್ದು ಓಡಿದರು. ಮೂವತ್ತೊಂದು ವರ್ಷದ ಚಾಳಿ ಒಂದು ಮಾತಿಗೆ ಹೋಗುತ್ತದೆಯೇ?

ಬಸ್ಸಿನಲ್ಲಿ ಕೂತು ನಮ್ಮವರನ್ನು ಚೆನ್ನಾಗಿ ಬೈದೆ, ಮನಸ್ಸಿನಲ್ಲೇ. ಎರಡು ಬಸ್ಸಿನ ದಾರಿ. ಅಷ್ಟು ದೂರ ಹೋಗಲಾಗಲಿಲ್ಲ ಅವರಿಗೆ.

ಅವರಿಗೂ ಒಂದು ಚಾಳಿ ಹತ್ತಿತ್ತು. ಆ ಪುಟ ಆದ ಮೇಲೆ ಯಾವ ಕಾಗದ ಬಂದರೂ, ಕರೆಂಟ್ ಬಿಲ್ಲೇ ಆಗಲಿ, ಅಡುಗೆಮನೆಯ ಕಿಟಕಿ ಗಾಜಿಗೆ ಒತ್ತಿ ಹಿಡಿದು ಎರಡು ಕಡೆಯೂ ನೋಡದೆ ಬಿಡುತ್ತಿರಲಿಲ್ಲ. ಗಾಜಿನ ಮೇಲೆ ಧೂಳು ಕಂಡರೆ ಆಗುತ್ತಿರಲಿಲ್ಲ. ದಿನಾ ಒರೆಸುವ ಕೆಲಸ ನನ್ನದು. ಈಗ ಗಾಜಿಗೆ ಕಾಗದ ಹಿಡಿಯುವವರಿಲ್ಲ. ಆದರೂ ಬೆಳಿಗ್ಗೆ ಎದ್ದು, ಹಾಲು ಒಲೆಗಿಟ್ಟು, ಹಳೆ ಬಟ್ಟೆ ಒದ್ದೆ ಮಾಡಿ ಒರೆಸುತ್ತೇನೆ. ಮೊದಲು ಒಳಗಿನಿಂದ, ಆಮೇಲೆ ಕೈ ಹೊರಗೆ ಹಾಕಿ ಹೊರಗಿನಿಂದ.